ಕುಳಿತವನ ಎದೆಬಡಿತ

"ಓಡ್ವಾರ್, ಈಗ ಏನು ಮಾಡ್ತಿದ್ದೀರಿ?" ಫೋನಿನಲ್ಲಿ ಇಂಗ್ವಿಲ್ ಕೇಳಿದಳು. ಅವಳು ಫಿಸಿಯೋಥೆರಪಿಸ್ಟ್. ಮೂರು ಗಂಟೆ ದಾರಿಯ ಆಸ್ಪತ್ರೆಯಲ್ಲಿ ಕುಳಿತು, ಓಡ್ವಾರನ ಎದೆಗಂಟಿದ ಪುಟ್ಟ ಸೆನ್ಸರ್ ಹೇಳುವುದನ್ನೆಲ್ಲ ಕೇಳಿಸಿಕೊಳ್ಳುವವಳು.

"ಏನೂ ಇಲ್ಲ. ಹೆಂಡತಿ ಅಂಗಳದಲ್ಲಿ ಕುರ್ಚಿ ಹಾಕಿಕೊಟ್ಟಿದ್ದಾಳೆ, ಕೂತಿದ್ದೀನಿ."

"ಕೂತಿದ್ದೀರಾ? ನಾಡಿ ನೂರ ಹದಿನೆಂಟು ತೋರಿಸ್ತಿದೆ. ನಿನ್ನೆ, ಮೊನ್ನೆನೂ ಇದೇ ಹೊತ್ತಿಗೆ ಏರಿತ್ತು. ಹೆಜ್ಜೆ ನೋಡಿದ್ರೆ ಸೊನ್ನೆ. ಎದೆನೋವು, ತಲೆಸುತ್ತು ಏನಾದ್ರೂ?"

"ಇಲ್ವಲ್ಲ."

"ಕಾರಣ ಗೊತ್ತಾಗದಿದ್ರೆ ಮತ್ತೆ ಇಲ್ಲಿಗೆ ಬಂದು ಮಲಗಬೇಕಾಗುತ್ತೆ, ನೋಡಿ."

ಓಡ್ವಾರನಿಗೆ ಅದೊಂದು ಬೇಡವಾಗಿತ್ತು. ಫೆಬ್ರವರಿಯಲ್ಲಿ ಹೃದಯಾಘಾತವಾದಾಗ ಆ ಆಸ್ಪತ್ರೆಯ ಬಿಳಿ ಗೋಡೆಯನ್ನು ಜನ್ಮಕ್ಕಾಗುವಷ್ಟು ನೋಡಿ ಬಂದಿದ್ದ. ಕಾರಣವೇನೋ ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಹತ್ತು ಮಾರು ದೂರದಲ್ಲಿ ಬಗ್ಗಿ ಸೌದೆ ಒಟ್ಟುತ್ತಿತ್ತು ಆ ಕಾರಣ. ಪಕ್ಕದ ಮನೆಯ ಟೊರ್ಲೈಫ್, ಹೋದ ಶರತ್ಕಾಲದಲ್ಲಷ್ಟೇ ಬರ್ಗೆನ್ ಪಟ್ಟಣದಿಂದ ಬಂದು ನೆಲೆಸಿದವನು. ಕಾಯಿಲೆಯವನಿಗೆ ಸಹಾಯವಾಗಲಿ ಎಂದು ನಾಲ್ಕು ದಿನದಿಂದ ಬೆವರು ಸುರಿಸುತ್ತಿದ್ದ, ಪಾಪ. ಆದರೆ ಒಂದೊಂದು ತುಂಡನ್ನೂ ತೊಗಟೆ ಕೆಳಗೆ ಮಾಡಿ ಇಡುತ್ತಿದ್ದ. ಮಳೆ ಬಂದರೆ ನೀರು ಜಾರಿಹೋಗದೆ ಸೌದೆಯೊಳಕ್ಕೇ ಇಳಿಯಬೇಕು, ಹಾಗೆ. ಸಾಲದ್ದಕ್ಕೆ ಒಟ್ಟಿಲು ಕೆಳಗಿನ ಕಡಲ ಕವಲು ಫ್ಯೋರ್ಡಿನ ಕಡೆಗೆ ವಾಲಿತ್ತು. ಒಟ್ಟಿಲು ನೋಡಿ ಮನೆಯವನನ್ನು ಅಳೆಯುವ ಊರು ಅದು. ಆದರೆ ಕೇಳದೆಯೇ ಬಂದು ದುಡಿಯುವವನಿಗೆ ತಪ್ಪು ಎನ್ನುವುದಾದರೂ ಯಾವ ಬಾಯಿಂದ?

ಕಾಫಿ, ವಾಫಲ್ ತಂದ ಹೆಂಡತಿ ಗುನ್ವೊರ್ ಫೋನ್ ಇಸಿದುಕೊಂಡು ಸ್ಪೀಕರ್ ಒತ್ತಿದಳು. "ಅವನಿಗೆ ಪಕ್ಕದ ಮನೆಯವನು ಒಟ್ಟೋ ಆ ಸೌದೆ ನೋಡಿದ್ರೆ ಮೈಯೆಲ್ಲ ಉರಿಯುತ್ತೆ, ಇಂಗ್ವಿಲ್. ಬಾಯಿಬಿಟ್ಟು ಹೇಳಲ್ಲ, ಒಳಗೊಳಗೇ ಕುದೀತಾನೆ."

ಇಂಗ್ವಿಲ್ ಗೊಳ್ಳೆಂದು ನಕ್ಕಳು. "ಅಷ್ಟೇನಾ? ಹಾಗಾದ್ರೆ ಎದ್ದು ತಾವೇ ಒಟ್ಟಲಿ."

"ಸೌದೆ ಮುಟ್ಟಬಾರದು ಅಂತ ಡಾಕ್ಟರೇ ಹೇಳಿದ್ದಾರಂತಲ್ಲ?" ಎಂದಳು ಗುನ್ವೊರ್.

"ಯಾರು ಹೇಳಿದ್ದು? ದಿನಾ ಇಪ್ಪತ್ತು ನಿಮಿಷ ಹಗುರವಾದ ಕೆಲಸ ಅಂತ ಅವರ ಹಾಳೇಲೇ ಬರೆದಿದೆ. ಬರೆದು ಮೂರು ವಾರ ಆಯ್ತು."

ಟೊರ್ಲೈಫ್ ಕೈಯಲ್ಲಿ ತುಂಡು ಹಿಡಿದು ಹಾಗೇ ನಿಂತ. ಗುನ್ವೊರ್ ತನ್ನ ಕಾಫಿಗೆ ಹಾಲು ಹಾಕಿಕೊಂಡಳು. ಓಡ್ವಾರನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಆ ಹಾಳೆಯನ್ನು ಬಚ್ಚಿಟ್ಟವನು ಅವನೇ.

"ಹೆದರಿಕೆ ಆಯ್ತು," ಎಂದ ಕೊನೆಗೆ, ನೆಲ ನೋಡುತ್ತ. "ಅವತ್ತು ಕೊಡಲಿ ಎತ್ತಿದಾಗಲೇ ಅಲ್ವಾ ನಾನು ಬಿದ್ದಿದ್ದು. ಈಗ ಹಾಲಿನ ಡಬ್ಬ ಎತ್ತೋಕೂ ಯೋಚನೆ ಮಾಡ್ತೀನಿ."

ಇಂಗ್ವಿಲ್ ಮೆತ್ತಗೆ ಹೇಳಿದಳು: "ಮೊದಲು ಸುಧಾರಿಸಿಕೊಳ್ಳಿ. ಆಮೇಲೆ ಒಂದೇ ಒಂದು ತುಂಡು. ನಾನು ಫೋನ್ ಇಡಲ್ಲ, ನಾಡಿ ನೋಡ್ತಾನೇ ಇರ್ತೀನಿ."

ಓಡ್ವಾರ್ ಎದ್ದ. ಟೊರ್ಲೈಫ್ ಚಾಚಿದ ತುಂಡನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಿರುಗಿಸಿ, ತೊಗಟೆ ಮೇಲೆ ಮಾಡಿ ಇಟ್ಟ. ಉಸಿರು ಹಿಡಿದು ಕಾದ. ಏನೂ ಆಗಲಿಲ್ಲ.

"ನೂರ ಎಂಟು," ಎಂದಿತು ಫೋನು. ಇನ್ನೊಂದು ತುಂಡು. "ನೂರ ಮೂರು. ಕೂತಿದ್ದಾಗಲೇ ಜಾಸ್ತಿ ಇತ್ತಲ್ರೀ."

ಹತ್ತನೆಯ ತುಂಡಿನ ಹೊತ್ತಿಗೆ ಓಡ್ವಾರನಿಗೆ ಫೋನಿನ ನೆನಪೇ ಇರಲಿಲ್ಲ. ಟೊರ್ಲೈಫನ ಸಾಲುಗಳನ್ನು ಒಂದೊಂದಾಗಿ ಕಿತ್ತು ಹೊಸದಾಗಿ ಜೋಡಿಸುತ್ತಿದ್ದ, ಬಾಯಿಯೂ ಬಿಚ್ಚಿತ್ತು. "ಇದೇನು ಮಾರಾಯ, ಒಟ್ಟಿಲೋ ಕಾಗೆಗೂಡೋ? ಬರ್ಗೆನ್ನಲ್ಲಿ ಮಳೆ ಕೆಳಗಿಂದ ಮೇಲಕ್ಕೆ ಬರುತ್ತಾ?" ಟೊರ್ಲೈಫ್ ತುಂಡು ಎತ್ತಿಕೊಡುತ್ತಿದ್ದ. ಇಪ್ಪತ್ತು ನಿಮಿಷವಾಯಿತು, ಸಾಕು ಎಂದು ಇಂಗ್ವಿಲ್ ಎರಡು ಸಲ ಗದರಿಸಬೇಕಾಯಿತು. ಅಂದು ಓಡ್ವಾರ್ ತಿಂದ ವಾಫಲ್‌ಗೆ ಎಷ್ಟೋ ದಿನದ ಮೇಲೆ ರುಚಿಯಿತ್ತು.

ಮರುದಿನ ಟೊರ್ಲೈಫ್ ಮರೆತುಹೋಗಿದ್ದ ಕೈಗವಸು ಕೊಡಲು ಓಡ್ವಾರ್ ಅವನ ಮನೆಗೆ ನಡೆದೇ ಹೋದ. ಕರೆದರೆ ಟೊರ್ಲೈಫ್ ಹಿತ್ತಿಲಿನಿಂದ ಓಗೊಟ್ಟ. ಅಲ್ಲಿ ಗೋಡೆಯುದ್ದಕ್ಕೂ ಟೊರ್ಲೈಫನ ಸ್ವಂತ ಸೌದೆ. ದಾರ ಹಿಡಿದು ಒಟ್ಟಿದಷ್ಟು ನೇರ, ತುಂಡು ತುಂಡಿನದೂ ತೊಗಟೆ ಮೇಲೆ.

ಓಡ್ವಾರ್ ಬಹಳ ಹೊತ್ತು ಅದನ್ನೇ ನೋಡಿದ. "ಹಾಗಾದ್ರೆ ನಿನಗೆ ಮೊದಲಿಂದ್ಲೂ ಗೊತ್ತಿತ್ತು."

"ಗೊತ್ತಿತ್ತು," ಎಂದ ಟೊರ್ಲೈಫ್, ಕೈಗವಸು ಹಾಕಿಕೊಳ್ಳುತ್ತ. "ಆ ಹಾಳೆ ಗುನ್ವೊರ್ ಕೈಗೆ ಸಿಕ್ಕಿ ಎರಡು ವಾರ ಆಯ್ತು. ನಾನು ತಿರುಗಿಸಿದ್ದು ಸೌದೆ ಮಾತ್ರ. ನಿನ್ನ ಕುರ್ಚೀನ ಆ ಕಡೆ ತಿರುಗಿಸಿದ್ದು ಅವಳು."