ಗರುಡನಿಗೆ ಮೀಸೆಯಿಲ್ಲ

ಪುಳಿಯೋಗರೆ ಗೊಜ್ಜಿನ ಡಬ್ಬಿ ತೆರೆದಾಗಲೆಲ್ಲ, ಮೇಲುಕೋಟೆಯ ಕಾದ ಬಂಡೆಯ ಮೇಲೆ ಹಸಿದು ಕೂತಿದ್ದ ಆ ಶನಿವಾರ ನೆನಪಾಗುತ್ತದೆ.

ಶನಿವಾರಗಳಲ್ಲಿ ಗರುಡನನ್ನು ಕಾಣದೆ ಅಜ್ಜಿ ಉಣ್ಣುತ್ತಿರಲಿಲ್ಲ. ಅವಳು ಉಣ್ಣದೆ ನಾವು ಬುತ್ತಿ ಬಿಚ್ಚುವಂತಿರಲಿಲ್ಲ. ಕೊನೆಗೂ ಒಂದು ಹಕ್ಕಿ ಕಾಲಲ್ಲಿ ಏನನ್ನೋ ಹಿಡಿದು ಎದುರಿನ ಕಡಿದಾದ ಬಂಡೆಯ ಸಂದಿಗೆ ಬಂದಿಳಿಯಿತು. ಅಜ್ಜಿ ಕೆನ್ನೆ ತಟ್ಟಿಕೊಂಡು ಕೈಮುಗಿದಳು. ನಾನು ಬುತ್ತಿಯ ಗಂಟಿಗೆ ಕೈ ಹಾಕಿದೆ.

"ಅವ್ವಾ, ಅದು ಗರುಡ ಅಲ್ಲ ಕಣವ್ವ," ಎಂದ ಚಿಕ್ಕಪ್ಪ, ದುರ್ಬೀನಿನಿಂದ ಕಣ್ಣು ತೆಗೆಯದೆ. "ಗರುಡಂಗೆ ತಲೆ, ಎದೆ ಬೆಳ್ಳಗಿರ್ತವೆ. ಇದ್ರ ತಲೆ ಕಪ್ಪು, ಹೊಟ್ಟೆ ಕೆಂಚು, ಕೆನ್ನೆ ಮ್ಯಾಲೆ ಮೀಸೆ ಬ್ಯಾರೆ. ಶಾಹೀನ್ ಗಿಡುಗ ಇದು. ಮರಿ ಮಾಡೈತೆ."

ಸುಮ್ಮನಿರಲೆಂದು ಅವನ ತೊಡೆ ಚಿವುಟಿದೆ. ಅಷ್ಟರಲ್ಲಿ ಅಜ್ಜಿ ದುರ್ಬೀನು ಕಸಿದುಕೊಂಡಿದ್ದಳು.

"ಔದು ಕಣ್ಲಾ, ನಿಮ್ಮಪ್ಪಂಗಿದ್ದಂಗೇ ಮೀಸೆ," ಎಂದವಳು ಬಹಳ ಹೊತ್ತು ಅತ್ತಲೇ ನೋಡಿದಳು. ನನ್ನ ಸರದಿ ಬಂದಾಗ, ಬೆಳ್ಳನೆಯ ಮರಿಗಳು ಬಾಯಿ ತೆರೆದು ತುಣುಕು ನುಂಗುತ್ತಿದ್ದವು. ಅದನ್ನು ನಿಜಕ್ಕೂ ಕಂಡೆನೋ, ಮುಂದೆ ಪುಸ್ತಕದ ಚಿತ್ರಗಳಿಂದ ಸೇರಿಸಿಕೊಂಡೆನೋ, ಹೇಳಲಾರೆ. ಅಜ್ಜಿಯ ಮಾತನ್ನು ಕೇಳಿದ್ದು ಮಾತ್ರ ನಿಜ.

"ಅದ್ರ ಮಕ್ಳು ಉಣ್ತಾವೆ, ನಮ್ ಕೂಸು ಕಾಯ್ಕಂಡ್ ಕೂತದೆ. ಮುಗಿದ ಕೈನ ವಾಪಸ್ ಈಸ್ಕಳಕ್ಕಾಯ್ತದಾ? ಬಿಚ್ಚು ಗಂಟ."

ಹುಣಿಸೆ, ಇಂಗು, ಕಡಲೆಬೀಜದ ಘಮ ಬಂಡೆಯ ತುಂಬ ಹರಡಿತು. ಚಿಕ್ಕಪ್ಪನೂ ಕೈ ಚಾಚಿದ. ಅಜ್ಜಿ ಪುಳಿಯೋಗರೆಯ ಎಲೆಯನ್ನು ತನ್ನತ್ತ ಎಳೆದುಕೊಂಡಳು.

"ನೀನು ತಿಳ್ದೋನು ಕಣಪ್ಪ. ಗರುಡನ್ನ ನೋಡ್ಕಂಡೇ ಉಣ್ಣು."