ಕಾಲು ಗೆರೆ ಮೇಲಿತ್ತೋ, ಹಿಂದಿತ್ತೋ?

ಓದುವ ಮುಂಚೆ, ನಿಮ್ಮ ಜೊತೆ ಯಾವಾಗಲೂ ವಾದಕ್ಕೆ ಬೀಳುವ ಒಬ್ಬ ಸ್ನೇಹಿತರ ಮುಖ ನೆನಪು ಮಾಡಿಕೊಳ್ಳಿ... ಆಮೇಲೆ ಮುಂದಕ್ಕೆ ಹೋಗಿ.

ಮಂಡ್ಯದಲ್ಲಿ ಇಬ್ಬರು ಗೆಳೆಯರು. ಒಬ್ಬರು ಟೈಲರ್ ಜವರಪ್ಪ. ಇನ್ನೊಬ್ಬರು ರಿಟೈರ್ಡ್ ಬಸ್ ಕಂಡಕ್ಟರ್ ಮರಿಸ್ವಾಮಿ.

ಇಬ್ಬರಿಗೂ ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ. ಜೀವಮಾನದಲ್ಲಿ ಒಂದೇ ಒಂದು ಬಾಲನ್ನೂ ಬಾಸ್ಕೆಟ್‌ಗೆ ಹಾಕಿದವರಲ್ಲ... ಆದರೆ ಮಾತಿಗೆ ಕೂತರೆ ಕೋಚ್‌ಗಳೇ ಎದ್ದು ಹೋಗಬೇಕು.

ಜವರಪ್ಪನವರದು ಪೇಟೆ ಬೀದಿ ಕ್ಲಬ್. ಮರಿಸ್ವಾಮಿಯವರದು ಸ್ಟೇಷನ್ ರೋಡ್ ಕ್ಲಬ್. ಹಾವು ಮುಂಗುಸಿ ಅಂತಾರಲ್ಲ... ಹಾಗೆ.

ಈ ಸಲ ಪ್ಲೇಆಫ್‌ನಲ್ಲಿ ಈ ಎರಡು ಟೀಮ್‌ಗಳೇ ಎದುರುಬದುರು. ಮೂರು ಮ್ಯಾಚ್, ಎರಡು ಗೆದ್ದವರಿಗೆ ಕಪ್. ಮೊದಲ ಮ್ಯಾಚಿಗೆ ಇನ್ನೂ ತಿಂಗಳಿರುವಾಗಲೇ ಟೈಲರ್ ಅಂಗಡಿಯಲ್ಲಿ ಯುದ್ಧ ಶುರುವಾಗಿತ್ತು.

"ನಮ್ ಆರೂವರೆ ಅಡಿ ಹುಡ್ಗನ್ನ ತಡಿಯಾಕೆ ನಿಮ್ ಟೀಮಲ್ಲಿ ಯಾರ್ಲಾ ಅವ್ನೆ? ಏಣಿ ತರ್ತೀರಾ?" ಅನ್ನುತ್ತಿದ್ದರು ಮರಿಸ್ವಾಮಿ, ಬಸ್ಸಿನ ಹಿಂದಿನ ಸೀಟಿಗೂ ಕೇಳುವ ದನಿಯಲ್ಲಿ.

"ಉದ್ದ ಇದ್ಬುಟ್ರೆ ಆಯ್ತಾ? ತೆಂಗಿನ್ಮರಾನೂ ಉದ್ದ ಅದೆ. ಓಡಾಕಾಯ್ತದಾ?" ಅನ್ನುತ್ತಿದ್ದರು ಜವರಪ್ಪ, ಕೈಯಲ್ಲಿದ್ದ ಕತ್ತರಿ ಕೆಳಗಿಡದೆ.

ವಾದ ಎಲ್ಲೇ ಶುರುವಾಗಲಿ, ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ... 1991ರ ಫೈನಲ್.

ಆಗ ಮಣ್ಣಿನ ಕೋರ್ಟ್. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆಯ ಹಿಂದಿನಿಂದ ಎಸೆದರೆ ಮೂರು ಪಾಯಿಂಟ್, ಗೆರೆ ತುಳಿದರೆ ಎರಡೇ.

ಎರಡು ಪಾಯಿಂಟ್ ಹಿಂದಿದ್ದ ಸ್ಟೇಷನ್ ರೋಡ್ ಟೀಮಿನ ಸೋಮು ಕೊನೇ ಕ್ಷಣದಲ್ಲಿ ದೂರದಿಂದ ಬಾಲ್ ಎಸೆದ. ಬಿತ್ತು. ರೆಫರಿ ಮೂರು ಪಾಯಿಂಟ್ ಕೊಟ್ಟರು... ಕಪ್ ಸ್ಟೇಷನ್ ರೋಡಿಗೆ ಹೋಯಿತು.

"ಕಾಲು ಗೆರೆ ಮೇಲಿತ್ತು" ಅಂತ ಜವರಪ್ಪ. "ಗೆರೆ ಹಿಂದಿತ್ತು" ಅಂತ ಮರಿಸ್ವಾಮಿ.

ಮೂವತ್ತು ವರ್ಷದ ಮೇಲಾಯಿತು, ಇದೇ ಜಗಳ. ಮಕ್ಕಳ ಮದುವೆ ಚಪ್ಪರದಲ್ಲಿ, ಊಟದ ಪಂಕ್ತಿಯಲ್ಲಿ ಕೂತಾಗಲೂ ಇದೇ.

ಪ್ಲೇಆಫ್‌ಗೆ ಹತ್ತು ದಿನ ಇದೆ ಅನ್ನುವಾಗ ಮರಿಸ್ವಾಮಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು... ಮಾತು ಹೋಯಿತು.

"ಮಾತು ವಾಪಸ್ ಬರೋ ಚಾನ್ಸ್ ಇದೆ. ಆದ್ರೆ ಅವ್ರೇ ಮನಸ್ಸು ಮಾಡ್ಬೇಕು, ಪ್ರಯತ್ನ ಪಡ್ಬೇಕು" ಅಂದರು ಡಾಕ್ಟರ್. ಮರಿಸ್ವಾಮಿ ತುಟಿ ಕೂಡ ಅಲ್ಲಾಡಿಸಲಿಲ್ಲ.

ನೋಡಲು ಬಂದ ನೆಂಟರೆಲ್ಲ ತಲೆ ಸವರಿದರು. "ಎಲ್ಲಾ ಸರಿ ಹೋಯ್ತದೆ" ಅಂದರು. ಎಳನೀರು ಇಟ್ಟು ಹೋದರು.

ಜವರಪ್ಪನೂ ಆಸ್ಪತ್ರೆಗೆ ಬಂದರು. ಮಂಚದ ಮೇಲೆ ಸುಮ್ಮನೆ ಮಲಗಿದ್ದ, ಆ ಬಾಯಿಬಡುಕ.

ಗೆಳೆಯನ ಕೈ ಹಿಡಿದುಕೊಂಡು ಮೆಲ್ಲಗೆ ಹೇಳಿದರು... "ಮರೀ, ಈ ಸಲ ಕಪ್ ನಿಮ್ದೇ ಬಿಡ್ಲಾ. ಆವತ್ತೂ ನಿಮ್ದೇ. ಸೋಮು ಕಾಲು ಗೆರೆ ಹಿಂದೇನೆ ಇತ್ತು. ನಾನೇ ಸೋತೆ."

ಖುಷಿಯಾಗುತ್ತಾನೆ ಅಂದುಕೊಂಡಿದ್ದರು. ಮರಿಸ್ವಾಮಿಯ ಕಣ್ಣು ತುಂಬಿ ಬಂತು... ಅವರು ಗೋಡೆ ಕಡೆ ಮುಖ ತಿರುಗಿಸಿಬಿಟ್ಟರು.

ಹೊರಗೆ ಬಂದ ಮೇಲೆ ಮರಿಸ್ವಾಮಿಯ ಹೆಂಡತಿ ಸಣ್ಣಮ್ಮ ಹೇಳಿದರು. "ಅಣ್ಣ, ಯಾರು ಬಂದ್ರೂ ಅವ್ರು ಅತ್ತಿರ್ನಿಲ್ಲ. ನೀವೂ ಒಪ್ಕಬುಟ್ರಲ್ಲ... ಇನ್ನು ನನ್ ಕತೆ ಮುಗೀತು ಅಂದ್ಕೊಂಡವ್ರೆ."

ಮನೆಗೆ ಹೋದರೂ ಆ ಮಾತು ಜವರಪ್ಪನವರನ್ನು ಬಿಡಲಿಲ್ಲ. ಸಮಾಧಾನ ಹೇಳಲು ಹೋಗಿ, ಇದ್ದೊಬ್ಬ ಎದುರಾಳಿಯನ್ನು ರೋಗಿ ಮಾಡಿ ಬಂದೆನಲ್ಲ ಅಂತ ಸಂಕಟಪಟ್ಟರು.

ಮಾರನೇ ದಿನ ಬೆಳಿಗ್ಗೆ ಸೀದಾ ವಾರ್ಡಿಗೆ ನುಗ್ಗಿದರು. ಕೈ ಹಿಡಿಯಲಿಲ್ಲ, ತಲೆ ಸವರಲಿಲ್ಲ.

ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು, ನೆಲದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು. ಚಪ್ಪಲಿ ಬಿಟ್ಟು, ಗೆರೆಯ ಮೇಲೆ ಸರಿಯಾಗಿ ಕಾಲಿಟ್ಟು ನಿಂತರು.

"ಏಯ್ ಕಂಡಕ್ಟ್ರೇ, ಈ ಕಡೆ ತಿರುಗ್ಲಾ. ನಿನ್ನೆ ಏನೋ ಪಾಪ ಅಂತ ಸುಳ್ಳು ಹೇಳ್ದೆ. ನಿಮ್ ಸೋಮು ಕಾಲು ಇಲ್ಲಿತ್ತು. ಗೆರೆ ಮ್ಯಾಲೆ. ಎರಡೇ ಪಾಯಿಂಟು, ಆಟ ಸಮ. ಇನ್ನೈದ್ ನಿಮಿಷ ಆಡ್ಸಿದ್ರೆ ಆ ಕಪ್ಪು ನಮ್ದು. ಈ ಶುಕ್ರವಾರದಿಂದ ನೋಡ್ತಿರು, ಹೆಂಗ್ ವಾಪಸ್ ಈಸ್ಕತೀವಿ ಅಂತ."

ಮರಿಸ್ವಾಮಿ ನಿಧಾನಕ್ಕೆ ಈ ಕಡೆ ತಿರುಗಿದರು. ಗೆರೆ ನೋಡಿದರು. ಆ ಕಾಲು ನೋಡಿದರು.

ಕತ್ತಿನ ನರ ಉಬ್ಬಿತು. ಸೊಟ್ಟಗಾಗಿದ್ದ ತುಟಿ ನಡುಗಿತು. "ಹಿ... ಹಿ..."

"ಏನು? ಹಿಂದ್ಲ ಸೀಟಿಗೆ ಕೇಳಂಗೆ ಹೇಳ್ಲಾ" ಅಂದರು ಜವರಪ್ಪ.

"ಹಿಂ... ದೆ."

ಸಣ್ಣಮ್ಮ ಸೆರಗನ್ನು ಬಾಯಿಗೊತ್ತಿಕೊಂಡು ಅಲ್ಲೇ ಕುಸಿದು ಕೂತರು.

"ಮ್ಯಾಲೆ" ಅಂದರು ಜವರಪ್ಪ. ಕಣ್ಣೀರು ಧಾರಾಕಾರ ಇಳಿಯುತ್ತಿತ್ತು, ಕಾಲು ಮಾತ್ರ ಗೆರೆ ಬಿಟ್ಟು ಕದಲಲಿಲ್ಲ.

"ಹಿಂದೆ."

"ಮ್ಯಾಲೆ ಕಣ್ಲಾ."

"ಹಿಂದೆ..."

ಗೆರೆ ಒರೆಸಲು ಒದ್ದೆ ಬಟ್ಟೆ ಹಿಡಿದು ಸಿಟ್ಟಿನಲ್ಲಿ ಬಂದ ನರ್ಸಮ್ಮ, ಒರೆಸದೆ ಹಾಗೇ ವಾಪಸ್ ಹೋದರು.

ಆಮೇಲೆ ಕಾರಿಡಾರಿನಲ್ಲಿ ಸಣ್ಣಮ್ಮ ಕೇಳಿದರು. "ಅಣ್ಣ, ದೇವ್ರಾಣೆಗೂ ನಿಜ ಹೇಳಿ. ಆವತ್ತು ಕಾಲು ಎಲ್ಲಿತ್ತು?"

ಜವರಪ್ಪ ಒಮ್ಮೆ ವಾರ್ಡಿನ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಹಿಂದೇನೆ ಇತ್ತು ಕಣವ್ವ. ಮ್ಯಾಚ್ ಮುಗಿದ್ಮೇಲೆ ನಾನೇ ಹೋಗಿ ನೋಡಿದ್ದೆ. ಸುಣ್ಣ ಒಂಚೂರೂ ಅಳಿಸಿರ್ನಿಲ್ಲ."

"ಮತ್ತೆ ಇಷ್ಟು ವರ್ಷ ಯಾಕಣ್ಣ...?"

"ಆವತ್ತೇ ಒಪ್ಕಬುಟ್ಟಿದ್ರೆ... ಅವ್ನು ಮಾರ್ನೇ ದಿನ ಅಂಗ್ಡಿಗೆ ಯಾಕವ್ವ ಬರೋನು?"

.

ಅಯ್ಯೋ ಪಾಪ ಅನ್ನುವವರು ಊರೆಲ್ಲ ಸಿಗುತ್ತಾರೆ... ಬಿದ್ದಾಗಲೂ ನಮ್ಮನ್ನು ಸರಿಸಮ ಅಂತ ತಿಳಿದು ಜಗಳಕ್ಕೆ ಕರೆಯುವವನೇ ಗೆಳೆಯ.

.

ಶುರುವಿನಲ್ಲಿ ಒಂದು ಮುಖ ನೆನಪು ಮಾಡಿಕೊಂಡಿರಲ್ಲ... ಅವರ ಜೊತೆ ನೀವು ಜಗಳವಾಡಿ ಎಷ್ಟು ದಿನವಾಯಿತು?