ವಿಡಿಯೊ ನಿಂತದ್ದು ಎಲ್ಲಿ

ಕೆಲವು ದಿನಗಳಿಂದ ನೇರಪ್ರಸಾರದ ಕಬಡ್ಡಿ ಪಂದ್ಯಗಳ ವಿಡಿಯೊ ನೋಡುವವರ ಮೊಬೈಲಿನಲ್ಲಿ ಮತ್ತೆ ಮತ್ತೆ ನಿಂತುಹೋಗುತ್ತಿತ್ತು. ತಪ್ಪು ಸರ್ವರ್ ನೋಡಿಕೊಳ್ಳುವ ಹಾಲೇಶನದೇ ಎಂದು ಹೇಳಿ, ಅವನನ್ನು ಕೆಲಸದಿಂದ ತೆಗೆಯುವುದೆಂದು ಮ್ಯಾನೇಜರ್ ತೀರ್ಮಾನಿಸಿದ್ದರು.

"ಅವನ ತಪ್ಪಿರಲಿಕ್ಕಿಲ್ಲ ಸರ್. ಇವತ್ತಿನ ಪಂದ್ಯ ಮುಗಿಯೋವರೆಗೆ ಟೈಮ್ ಕೊಡಿ," ಎಂದು ಅದೇ ತಂಡದ ಸುಕನ್ಯಾ ಕೇಳಿಕೊಂಡಳು. ಪಂದ್ಯ ಶುರುವಾಗುವ ಮೊದಲೇ ಅವಳು, ಪ್ರಸಾರದ ಕ್ಷಣಕ್ಷಣದ ದಾಖಲೆಯಾದ ಲಾಗ್ ಓದಿ, ವಿಡಿಯೊ ಎಲ್ಲಿ, ಯಾಕೆ ನಿಂತಿತೆಂದು ತೋರಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಒಂದನ್ನು ಕೂತು ಬರೆದಳು.

"ಕೆಲಸ ಹೋಗೋ ವಿಷಯ ಮನೇಲಿ ಇನ್ನೂ ಹೇಳಿಲ್ಲ ಅಕ್ಕ," ಎಂದ ಹಾಲೇಶ್, ಅವಳ ಮೇಜಿನ ಮೇಲೆ ಕಾಫಿ ಇಟ್ಟು. "ನೀವೊಬ್ರೇ ನನ್ನ ನಂಬಿದ್ದು."

ಪಂದ್ಯ ಶುರುವಾಯಿತು. ವಿಡಿಯೊ ನಿಂತಾಗಲೆಲ್ಲ ಸ್ಕ್ರಿಪ್ಟ್ ಒಂದೇ ಕಾರಣ ತೋರಿಸಿತು. ಸರ್ವರ್ ಸರಿಯಾಗಿಯೇ ಇತ್ತು. ಚಿತ್ರ ಇನ್ನಷ್ಟು ಸ್ಪಷ್ಟವಾಗಲೆಂದು ಕಳೆದ ವಾರ ಯಾರನ್ನೂ ಕೇಳದೆ ಬದಲಿಸಿದ್ದ ಒಂದು ಸೆಟ್ಟಿಂಗೇ ಎಲ್ಲವನ್ನೂ ಕೆಡಿಸುತ್ತಿತ್ತು. ಬದಲಿಸಿದವಳು ತಾನೇ ಎಂಬುದು ಸುಕನ್ಯಾಗೆ ನೆನಪಾಯಿತು. ಸದ್ದಿಲ್ಲದೆ ಅದನ್ನು ಮೊದಲಿನಂತೆ ಮಾಡಿದಳು. ವಿಡಿಯೊ ಸರಾಗವಾಗಿ ಓಡತೊಡಗಿತು.

ಮ್ಯಾನೇಜರ್ ಬಂದರು. ಅವರ ಹಿಂದೆಯೇ ಹಾಲೇಶ್ ನಗುತ್ತ ಬಂದು ನಿಂತ.

"ಸರಿಹೋಯ್ತಲ್ಲ," ಎಂದರು ಮ್ಯಾನೇಜರ್. "ಯಾರ ತಪ್ಪು ಅಂತ ಗೊತ್ತಾಯ್ತಾ?"

ಸುಕನ್ಯಾ ಸ್ಕ್ರೀನ್ ಆಫ್ ಮಾಡಿದಳು.

"ನೀವು ಹೇಳಿದ್ದೇ ನಿಜ ಸರ್," ಎಂದಳು.